ದೇವರಿಗೆ ಮೊದಲೇ ತಿಳಿದಿದ್ದರೆ ಮನುಷ್ಯನ ಹೊಣೆ ಏನು?

ಯೇಸುವಿನ ಬಂಧನವಾದ ರಾತ್ರಿ ನಡೆದ ಒಂದು ಸಂಗತಿಯನ್ನು ನಾಲ್ಕು ಸುವಾರ್ತೆಗಳೂ ಹೇಳುತ್ತವೆ. ಪೇತ್ರ ಎಂಬ ಶಿಷ್ಯ ತಾನು ಗುರುವಿಗಾಗಿ ಪ್ರಾಣ ಕೊಡಲೂ ಸಿದ್ಧನೆಂದು ಹೇಳಿಕೊಂಡ. ಬೆಳಗಿನ ಕೋಳಿ ಕೂಗುವ ಮೊದಲೇ ಅವನು ಮೂರು ಸಲ ಗುರುವಿನ ಪರಿಚಯವೇ ಇಲ್ಲವೆಂದು ಹೇಳಲಿದ್ದಾನೆ ಎಂದು ಯೇಸು ಅವನಿಗೆ ಮುಂಚಿತವಾಗಿ ತಿಳಿಸಿದ. ಆ ರಾತ್ರಿ ಪ್ರಧಾನ ಯಾಜಕನ ಮನೆಯಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಪೇತ್ರನನ್ನು ಕೆಲಸದ ಹೆಂಗಸು ಗುರುತಿಸಿದಳು. ಆತ ಹೆದರಿ ಇಲ್ಲವೆಂದ. ಮತ್ತೆ ಕೇಳಿದಾಗ ಮತ್ತೆ ಇಲ್ಲವೆಂದ, ಮೂರನೆಯ ಸಲವೂ ಅದೇ ಉತ್ತರ. ಕೋಳಿ ಕೂಗಿತು.

ಕ್ರೈಸ್ತ ಧರ್ಮದ ಚಿಂತಕರನ್ನು ಸಾವಿರದ ಆರುನೂರು ವರ್ಷಗಳಿಗೂ ಮೀರಿ ಕಾಡಿದ ಒಂದು ಪ್ರಶ್ನೆ ಈ ಕಥೆಯಲ್ಲಿ ಅಡಗಿದೆ. ಪೇತ್ರ ಸುಳ್ಳು ಹೇಳುತ್ತಾನೆಂಬುದು ಸಂಜೆಯೇ ತಿಳಿದಿತ್ತು. ತಿಳಿದವನು ಸಾಮಾನ್ಯ ಮನುಷ್ಯನಲ್ಲ, ಎಂದೂ ತಪ್ಪದ ಜ್ಞಾನವುಳ್ಳವನು. ಹಾಗಿದ್ದರೆ ಮಧ್ಯರಾತ್ರಿ ಆ ಅಂಗಳದಲ್ಲಿ ಪೇತ್ರನಿಗೆ ನಿಜ ಹೇಳುವ ಅವಕಾಶ ಉಳಿದಿತ್ತೆ? ಉಳಿದಿತ್ತೆಂದರೆ ದೇವರ ಅರಿವು ಸುಳ್ಳಾಗುವ ಸಾಧ್ಯತೆಯನ್ನು ಒಪ್ಪಬೇಕಾಗುತ್ತದೆ. ಉಳಿದಿರಲಿಲ್ಲವೆಂದರೆ ಪೇತ್ರನನ್ನು ದೂರುವುದು ನ್ಯಾಯವಲ್ಲ. ಮೂವತ್ತು ಬೆಳ್ಳಿ ನಾಣ್ಯಗಳಿಗೆ ಗುರುವನ್ನು ಒಪ್ಪಿಸಿದ ಯೂದನ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ, ಏಕೆಂದರೆ ಅವನ ದ್ರೋಹವೂ ಮೊದಲೇ ತಿಳಿದದ್ದೇ.

ಇದು ಪಂಡಿತರ ಬುದ್ಧಿಯ ಕಸರತ್ತು ಮಾತ್ರವೆಂದು ತೋರಬಹುದು. ಆದರೆ ಕ್ರೈಸ್ತ ಬಾಳಿನ ಮೂರು ಮುಖ್ಯ ಸಂಗತಿಗಳು ಇದರ ಮೇಲೆ ನಿಂತಿವೆ. ಒಂದು, ಕಡೆಯ ದಿನದ ತೀರ್ಪು: ಬೇರೆ ದಾರಿಯೇ ಇಲ್ಲದವನನ್ನು ಶಿಕ್ಷಿಸುವ ದೇವರು ನ್ಯಾಯವಂತನಾಗಲಾರ. ಎರಡು, ಪಶ್ಚಾತ್ತಾಪ: ತನ್ನ ಕೈಯಲ್ಲಿರದಿದ್ದ ಕೃತ್ಯಕ್ಕೆ ಯಾರೂ ಪರಿತಪಿಸಬೇಕಾಗಿಲ್ಲ. ಮೂರು, ಪ್ರಾರ್ಥನೆ: ನಾಳೆ ಆಗುವುದೆಲ್ಲ ಈಗಲೇ ಗೊತ್ತುಮಾಡಿದ್ದಾದರೆ ಬೇಡಿಕೊಳ್ಳುವುದರಿಂದ ಬದಲಾಗುವುದೇನು? ಹಾಗೆಂದು ದೇವರಿಗೆ ಭವಿಷ್ಯ ತಿಳಿಯದೆಂದು ಹೇಳಿದರೆ, ಸರ್ವಜ್ಞನೆಂದು ನಂಬಿ ಬದುಕನ್ನು ಒಪ್ಪಿಸಿಕೊಂಡವರ ಆಸರೆಯೇ ಅಲುಗಾಡುತ್ತದೆ. ಎರಡನ್ನೂ ಬಿಡಲಾಗದು, ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ.

ಬರೆದವನು ಮತ್ತು ಓದಿದವನು

ಕನ್ನಡದ ಓದುಗರಿಗೆ ಇಲ್ಲಿ ತಟ್ಟನೆ ನೆನಪಾಗುವ ಮಾತು ‘ಹಣೆಬರಹ’. ಆದರೆ ಈ ಚರ್ಚೆಯಲ್ಲಿ ಮೊದಲು ಮಾಡಿಕೊಳ್ಳಬೇಕಾದ ವಿಂಗಡಣೆ ಇದೇ. ಹಣೆಯಲ್ಲಿ ಬರೆಯುವುದು ಬೇರೆ, ಬರೆದದ್ದನ್ನು ಓದುವುದು ಬೇರೆ. ಬರೆದವನು ಘಟನೆಗೆ ಕಾರಣನಾಗುತ್ತಾನೆ, ಓದಿದವನು ಬರಿಯ ಬಲ್ಲವನಾಗುತ್ತಾನೆ. ದೇವರು ಮುಂದಾಗುವುದನ್ನು ನಿರ್ಧರಿಸುತ್ತಾನೆಯೇ ಎಂಬುದು ಒಂದು ಪ್ರಶ್ನೆ, ಅದನ್ನು ಪೂರ್ವನಿರ್ಧಾರದ ಪ್ರಶ್ನೆ ಎನ್ನಬಹುದು. ನಿರ್ಧರಿಸದೆ ಕೇವಲ ತಿಳಿದಿದ್ದರೂ ಮನುಷ್ಯನ ಸ್ವಾತಂತ್ರ್ಯ ಕಳೆದುಹೋಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ, ಇದು ಪೂರ್ವಜ್ಞಾನದ ಪ್ರಶ್ನೆ.

ಎರಡನೆಯದಕ್ಕೆ ಸುಲಭವಾದ ಒಂದು ಉತ್ತರವಿದೆ. ಪಂಚಾಂಗದಲ್ಲಿ ಬರೆದಿದೆ ಎಂಬ ಕಾರಣಕ್ಕೆ ಗ್ರಹಣ ಹಿಡಿಯುವುದಿಲ್ಲ. ಗ್ರಹಣ ಹಿಡಿಯಲಿರುವುದರಿಂದ ಪಂಚಾಂಗದಲ್ಲಿ ಬರೆದಿರುತ್ತದೆ. ಅರಿವು ಘಟನೆಯನ್ನು ಹಿಂಬಾಲಿಸುತ್ತದೆಯೇ ಹೊರತು ಎಳೆದು ತರುವುದಿಲ್ಲ. ಇದು ಸರಿಯಾದ ಮಾತೇ. ಆದರೆ ಇಷ್ಟಕ್ಕೇ ಸಮಸ್ಯೆ ಮುಗಿಯುವುದಿಲ್ಲ. ಗ್ರಹಣವನ್ನು ಮೊದಲೇ ಲೆಕ್ಕ ಹಾಕಬಹುದಾದದ್ದು ಸೂರ್ಯಚಂದ್ರರ ಗತಿಯಲ್ಲಿ ಆಯ್ಕೆಗೆ ಎಡೆಯಿಲ್ಲದ ಕಾರಣ. ಮಗುವಿನ ಮುಂದೆ ಬೆಲ್ಲವನ್ನೂ ಹಾಗಲಕಾಯಿಯನ್ನೂ ಇಟ್ಟರೆ ಅದು ಯಾವುದಕ್ಕೆ ಕೈಹಾಕುತ್ತದೆಂದು ತಾಯಿಗೆ ಗೊತ್ತಿರುತ್ತದೆ. ಆದರೆ ತಾಯಿಯ ಆ ತಿಳಿವಳಿಕೆ ಊಹೆ, ಎಂದಾದರೊಂದು ದಿನ ತಪ್ಪಬಹುದು. ದೇವರ ಅರಿವು ತಪ್ಪುವಂತಿಲ್ಲ, ಮನುಷ್ಯನ ಆಯ್ಕೆ ಗ್ರಹಣದಂತೆ ಗಣಿತಕ್ಕೆ ಕಟ್ಟುಬಿದ್ದದ್ದೂ ಅಲ್ಲ. ತಪ್ಪದ ಅರಿವು, ಕಟ್ಟಿಲ್ಲದ ಆಯ್ಕೆ, ಇವೆರಡೂ ಸೇರುವುದು ಹೇಗೆ? ನಿಜವಾದ ಗಂಟು ಇರುವುದು ಇಲ್ಲಿ.

ಈ ಗಂಟಿನ ಒಂದು ಎಳೆ ಕ್ರೈಸ್ತ ಧರ್ಮಕ್ಕಿಂತಲೂ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್ ತನ್ನ ತರ್ಕಗ್ರಂಥವೊಂದರಲ್ಲಿ ನಾಳೆಯ ನೌಕಾಯುದ್ಧದ ಉದಾಹರಣೆ ಎತ್ತಿಕೊಂಡ. ನಾಳೆ ಸಮುದ್ರದಲ್ಲಿ ಯುದ್ಧವಾಗುತ್ತದೆ ಎಂಬ ಮಾತು ಇಂದೇ ನಿಜವಾಗಿದ್ದರೆ, ಸೇನಾಪತಿಗಳು ಇಂದು ರಾತ್ರಿ ಕೂತು ಆಲೋಚಿಸುವುದು ವ್ಯರ್ಥವಲ್ಲವೇ ಎಂಬುದು ಅಲ್ಲಿನ ಪ್ರಶ್ನೆ. ಮುಂದೆ ರೋಮಿನ ಸಿಸಿರೊ ಇನ್ನೂ ನೇರವಾಗಿ ವಾದಿಸಿದ. ಭವಿಷ್ಯದ ಜ್ಞಾನ ಇದೆಯೆಂದರೆ ಕಾರಣಗಳ ಸರಪಳಿ ಖಚಿತವಾಗಿದೆ ಎಂದರ್ಥ. ಸರಪಳಿ ಖಚಿತವಾದರೆ ಎಲ್ಲವೂ ವಿಧಿಯ ವಶ, ಆಗ ಕಾನೂನು, ಹೊಗಳಿಕೆ, ತೆಗಳಿಕೆಗಳಿಗೆ ಅರ್ಥವಿಲ್ಲ. ಸ್ವಾತಂತ್ರ್ಯ ಉಳಿಯಬೇಕೆಂದು ಆತ ಪೂರ್ವಜ್ಞಾನವನ್ನೇ ಕೈಬಿಟ್ಟ.

ಆಗಸ್ಟೀನನ ಉತ್ತರ

ಸಿಸಿರೊಗೆ ಕ್ರೈಸ್ತರ ಪರವಾಗಿ ಉತ್ತರ ಕೊಟ್ಟವನು ಸಂತ ಆಗಸ್ಟೀನ್. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿ, ಹಿಪ್ಪೊ ಪಟ್ಟಣದ ಬಿಷಪ್ಪನಾಗಿ, 430ರಲ್ಲಿ ತೀರಿಕೊಂಡ ಆಗಸ್ಟೀನ್ ಈ ವಿಷಯವನ್ನು ಎರಡು ಕಡೆ ವಿವರವಾಗಿ ಚರ್ಚಿಸಿದ್ದಾನೆ. ಒಂದು, ಗೆಳೆಯ ಎವೋದಿಯಸನೊಡನೆ ನಡೆಸಿದ ಸಂವಾದದ ರೂಪದಲ್ಲಿರುವ, ಇಚ್ಛಾಸ್ವಾತಂತ್ರ್ಯವನ್ನು ಕುರಿತ ಗ್ರಂಥ. ಇನ್ನೊಂದು, ‘ದೇವನಗರ’ ಎಂಬ ಮಹಾಗ್ರಂಥದ ಐದನೆಯ ಭಾಗ.

ಆತನ ವಾದದ ಸಾರ ಹೀಗಿದೆ. ದೇವರು ಮೊದಲೇ ಬಲ್ಲದ್ದು ಏನನ್ನು? ಮನುಷ್ಯ ತಾನಾಗಿ ಇಚ್ಛಿಸುವುದನ್ನು. ತನ್ನ ವಶದಲ್ಲಿಲ್ಲದ ಇಚ್ಛೆ ಇಚ್ಛೆಯೇ ಅಲ್ಲ. ಆದ್ದರಿಂದ ದೇವರು ಒಬ್ಬನ ಇಚ್ಛೆಯನ್ನು ಬಲ್ಲನೆಂದರೆ, ಆ ಇಚ್ಛೆ ಅವನ ವಶದಲ್ಲಿದೆ ಎಂಬುದನ್ನೂ ಬಲ್ಲನೆಂದೇ ಅರ್ಥ. ಕಾರಣಗಳ ಸರಪಳಿ ಇದೆ ನಿಜ, ಆದರೆ ಮನುಷ್ಯರ ಸಂಕಲ್ಪಗಳೂ ಆ ಸರಪಳಿಯ ಕೊಂಡಿಗಳೇ. ಇದಕ್ಕೆ ಆತ ನೆನಪಿನ ಹೋಲಿಕೆಯನ್ನೂ ಕೊಟ್ಟ. ನಡೆದುಹೋದದ್ದನ್ನು ನೆನೆಯುವುದರಿಂದ ಅದು ನಡೆಯುವಂತೆ ಯಾರೂ ಬಲವಂತ ಮಾಡಿದಂತಾಗುವುದಿಲ್ಲ. ಹಾಗೆಯೇ ಮುಂದಾಗುವುದನ್ನು ಬಲ್ಲ ದೇವರೂ ಅದನ್ನು ಬಲವಂತದಿಂದ ಮಾಡಿಸುವುದಿಲ್ಲ.

ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಸಂದೇಹವನ್ನು ಉಳಿಸುತ್ತದೆ. ನೆನಪು ಘಟನೆಯ ನಂತರ ಬರುತ್ತದೆ, ಪೂರ್ವಜ್ಞಾನ ಘಟನೆಗೆ ಮೊದಲೇ ಇರುತ್ತದೆ. ಮೊದಲೇ ಇದ್ದ ಅರಿವು ಸುಳ್ಳಾಗುವಂತಿಲ್ಲವಾದರೆ, ನಂತರದ ಘಟನೆಗೆ ಬೇರೆ ದಾರಿ ಎಲ್ಲಿದೆ? ಈ ‘ಮೊದಲು’ ಎಂಬ ಪದವನ್ನೇ ಹಿಡಿದು ಪ್ರಶ್ನಿಸಿದವನು ನೂರು ವರ್ಷಗಳ ನಂತರ ಬಂದ ಒಬ್ಬ ಸೆರೆಯಾಳು.

ಸೆರೆಮನೆಯ ತತ್ತ್ವಜ್ಞಾನಿ

ಬೊಯೀಥಿಯಸ್ ಸುಮಾರು 480ರಲ್ಲಿ ರೋಮಿನ ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿದವನು. 510ರಲ್ಲಿ ಕಾನ್ಸಲ್ ಪದವಿಗೇರಿದ. 522ರಲ್ಲಿ ಅವನ ಇಬ್ಬರು ಮಕ್ಕಳೂ ಒಟ್ಟಿಗೆ ಅದೇ ಪದವಿ ಪಡೆದರು. ಇಟಲಿಯನ್ನು ಆಳುತ್ತಿದ್ದ ಗಾಥ್ ಜನಾಂಗದ ದೊರೆ ಥಿಯೊಡರಿಕನ ಆಸ್ಥಾನದಲ್ಲಿ ಆತ ಅತ್ಯುನ್ನತ ಅಧಿಕಾರಿಯಾಗಿದ್ದ. ಆಲ್ಬಿನಸ್ ಎಂಬ ಸೆನೆಟರನ ಮೇಲೆ ದ್ರೋಹದ ಆರೋಪ ಬಂದಾಗ ಅವನ ಪರವಾಗಿ ಮಾತನಾಡಿದ್ದೇ ಬೊಯೀಥಿಯಸನಿಗೆ ಮುಳುವಾಯಿತು. ಅದೇ ಆರೋಪ ಅವನ ಮೇಲೂ ಬಂತು. ಪವಿಯಾ ನಗರದಲ್ಲಿ ಸೆರೆಯಲ್ಲಿಟ್ಟು, ಸುಮಾರು 524ರಲ್ಲಿ ಅವನನ್ನು ಕೊಲ್ಲಿಸಲಾಯಿತು.

ಮರಣವನ್ನು ಎದುರು ನೋಡುತ್ತ ಆತ ಬರೆದ ಗ್ರಂಥವೇ ‘ತತ್ತ್ವಜ್ಞಾನದ ಸಾಂತ್ವನ’. ಗದ್ಯ ಪದ್ಯಗಳು ಸರದಿಯಂತೆ ಬರುವ ಐದು ಭಾಗಗಳ ಈ ಕೃತಿಯಲ್ಲಿ ತತ್ತ್ವಜ್ಞಾನವೇ ಹೆಣ್ಣಿನ ರೂಪದಲ್ಲಿ ಬಂದು ಸೆರೆಯಾಳನ್ನು ಸಂತೈಸುತ್ತದೆ. ಬರೆದವನು ಕ್ರೈಸ್ತನಾದರೂ ಇದರಲ್ಲಿ ಕ್ರಿಸ್ತನ ಹೆಸರಿಲ್ಲ, ವಾದವೆಲ್ಲ ತರ್ಕದ ನೆಲೆಯಲ್ಲೇ ನಡೆಯುತ್ತದೆ. ಅರಿಸ್ಟಾಟಲನ ನೌಕಾಯುದ್ಧದ ಗ್ರಂಥವನ್ನು ಲ್ಯಾಟಿನ್ನಿಗೆ ಅನುವಾದಿಸಿ, ಅದಕ್ಕೆ ಎರಡು ವ್ಯಾಖ್ಯಾನಗಳನ್ನು ಬರೆದವನೂ ಬೊಯೀಥಿಯಸನೇ. ಹೀಗಾಗಿ ಐದನೆಯ ಭಾಗದಲ್ಲಿ ಪೂರ್ವಜ್ಞಾನದ ಪ್ರಶ್ನೆ ಬಂದಾಗ ಅದು ಅವನಿಗೆ ಹಳೆಯ ಪರಿಚಯದ ಪ್ರಶ್ನೆಯಾಗಿತ್ತು. ಆದರೆ ಈಗ ಅದರ ತೂಕ ಬೇರೆ. ಎಲ್ಲವೂ ಅನಿವಾರ್ಯವೆಂದಾದರೆ ಸುಳ್ಳು ದೂರು ಕೊಟ್ಟವರು ತಪ್ಪಿತಸ್ಥರಲ್ಲ, ಅನ್ಯಾಯಕ್ಕೆ ಒಳಗಾದವನ ನೋವಿಗೂ ಅರ್ಥವಿಲ್ಲ. ಸೆರೆಯಾಳಿನ ಆಸೆ, ಪ್ರಾರ್ಥನೆ ಎರಡೂ ಪೊಳ್ಳಾಗುತ್ತವೆ.

ಬೊಯೀಥಿಯಸ್ ಕಂಡುಕೊಂಡ ದಾರಿ ಇದು. ಯಾವುದೇ ವಸ್ತು ಹೇಗೆ ತಿಳಿಯಲ್ಪಡುತ್ತದೆ ಎಂಬುದು ವಸ್ತುವಿನ ಸ್ವಭಾವಕ್ಕಿಂತ ಹೆಚ್ಚಾಗಿ ತಿಳಿಯುವವನ ಶಕ್ತಿಯನ್ನು ಅವಲಂಬಿಸಿದೆ. ಕೈ ಮುಟ್ಟಿ ತಿಳಿಯುವ ಬಗೆ ಬೇರೆ, ಕಣ್ಣು ಒಂದೇ ನೋಟಕ್ಕೆ ತಿಳಿಯುವ ಬಗೆ ಬೇರೆ. ಮನುಷ್ಯ ಕಾಲದೊಳಗೆ ಬದುಕುವವನು, ನಿನ್ನೆಯನ್ನು ಕಳೆದುಕೊಂಡು ನಾಳೆಯನ್ನು ಇನ್ನೂ ಪಡೆಯದೆ ಇರುವವನು. ದೇವರಾದರೋ ಕಾಲದ ಹರಿವಿಗೆ ಸಿಕ್ಕವನಲ್ಲ. ಹಿಂದೆ, ಇಂದು, ಮುಂದೆ ಎಲ್ಲವೂ ಅವನಿಗೆ ಒಂದೇ ವರ್ತಮಾನ. ಆದ್ದರಿಂದ ಅವನಿಗಿರುವುದು ಮುಂದಾಗುವುದರ ಜ್ಞಾನ ಎನ್ನುವುದೇ ಸರಿಯಲ್ಲ, ಅದು ಈಗ ಆಗುತ್ತಿರುವುದರ ದರ್ಶನ. ಬೀದಿಯಲ್ಲಿ ಒಬ್ಬ ನಡೆಯುತ್ತಿರುವುದನ್ನು ಜಗಲಿಯಲ್ಲಿ ಕುಳಿತವನು ನೋಡುತ್ತಾನೆ. ನೋಡುತ್ತಿರುವಾಗ ಅವನು ನಡೆಯುತ್ತಿರುವುದು ಖಚಿತ. ಆದರೆ ಕುಳಿತವನ ನೋಟ ನಡೆಯುವವನ ಕಾಲನ್ನು ದೂಡುವುದಿಲ್ಲ. ನೋಟದಿಂದ ಬರುವ ಈ ಖಚಿತತೆ ಒಂದು ಬಗೆ, ಸೂರ್ಯ ಉದಯಿಸಲೇಬೇಕೆಂಬಂಥ ಅನಿವಾರ್ಯತೆ ಇನ್ನೊಂದು ಬಗೆ. ಇವೆರಡನ್ನು ಬೆರೆಸಿದ್ದರಿಂದಲೇ ಗೊಂದಲ ಹುಟ್ಟಿತೆಂಬುದು ಆತನ ನಿಲುವು.

ಈ ಪುಸ್ತಕ ಯುರೋಪಿನಲ್ಲಿ ಪಡೆದ ಗೌರವ ದೊಡ್ಡದು. ಅದು ದೊರೆ ಆಲ್ಫ್ರೆಡನ ಹೆಸರಿನಲ್ಲಿ ಹಳೆಯ ಇಂಗ್ಲಿಷಿಗೆ ಬಂತು, ಮುಂದೆ ಕವಿ ಚಾಸರ್ ಅನುವಾದಿಸಿದ, 1593ರಲ್ಲಿ ರಾಣಿ ಒಂದನೆಯ ಎಲಿಜಬೆತ್ ತಾನೇ ಕೂತು ಅನುವಾದಿಸಿದಳು. ಪವಿಯಾದಲ್ಲಿ ಸಂತ ಪೇತ್ರನ ಹೆಸರಿನ ಹಳೆಯ ಚರ್ಚೊಂದಿದೆ. ಬೊಯೀಥಿಯಸನ ಅವಶೇಷಗಳು ಅದರ ನೆಲಮಾಳಿಗೆಯಲ್ಲಿವೆ, ಅದೇ ಚರ್ಚಿನಲ್ಲಿ ಆಗಸ್ಟೀನನ ಸಮಾಧಿಯೂ ಇದೆ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವೈನಾಸ್ ಬೊಯೀಥಿಯಸನ ವಿಚಾರವನ್ನೇ ಎತ್ತಿಕೊಂಡು ಮತ್ತೊಂದು ಹೋಲಿಕೆ ಕೊಟ್ಟ. ದಾರಿಯಲ್ಲಿ ಸಾಲಾಗಿ ಹೋಗುತ್ತಿರುವವನಿಗೆ ತನ್ನ ಹಿಂದೆ ಬರುವವರು ಕಾಣಿಸುವುದಿಲ್ಲ. ಎತ್ತರದಲ್ಲಿ ನಿಂತವನಿಗೆ ಇಡೀ ದಾರಿ, ಅದರಲ್ಲಿ ಸಾಗುವವರೆಲ್ಲ ಏಕಕಾಲಕ್ಕೆ ಕಾಣುತ್ತಾರೆ. ಮನುಷ್ಯ ದಾರಿಯಲ್ಲಿದ್ದಾನೆ, ದೇವರು ಎತ್ತರದಲ್ಲಿದ್ದಾನೆ.

ಆದರೂ ಪೇತ್ರನ ಕಥೆ ಇಲ್ಲಿ ಮತ್ತೆ ಅಡ್ಡ ಬರುತ್ತದೆ. ದೇವರ ದರ್ಶನ ಕಾಲದ ಹೊರಗಿನದೆಂದು ಒಪ್ಪೋಣ. ಆದರೆ ಯೇಸು ಪೇತ್ರನಿಗೆ ಹೇಳಿದ ಮಾತು ಕಾಲದ ಒಳಗೇ, ಆ ಸಂಜೆಯೇ ಹೊರಬಿತ್ತು. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು, ಅದು ಸುಳ್ಳಾಗುವಂತೆಯೂ ಇಲ್ಲ. ಇಂಥ ತೊಡಕಿಗೆ ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ಸನ್ಯಾಸಿ ವಿಲಿಯಂ ಆಫ್ ಆಕಮ್ ಒಂದು ಸೂಕ್ಷ್ಮವಾದ ದಾರಿ ತೋರಿಸಿದ. ಹಿಂದಿನದೆಂದು ತೋರುವ ಎಲ್ಲ ಸಂಗತಿಗಳೂ ಪೂರ್ತಿಯಾಗಿ ಹಿಂದಿನವಲ್ಲ ಎಂಬುದು ಅದರ ತಿರುಳು. ಒಬ್ಬಾತ ಹೋದ ದೀಪಾವಳಿಗೆ ಕೊನೆಯ ಸಲ ಊರಿಗೆ ಹೋಗಿದ್ದ ಎನ್ನುತ್ತೇವೆ. ಊರಿಗೆ ಹೋದದ್ದು ಮುಗಿದ ಸಂಗತಿ. ಆದರೆ ಅದು ‘ಕೊನೆಯ ಸಲ’ ಹೌದೋ ಅಲ್ಲವೋ ಎಂಬುದು ಅವನು ನಾಳೆ ಬಸ್ಸು ಹತ್ತುತ್ತಾನೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ದೇವರು ನಿನ್ನೆ ತಿಳಿದಿದ್ದ ಎಂಬುದೂ ಇಂಥದೇ ಸಂಗತಿ. ಅದರ ನಿಜ ಇಂದಿನ ಆಯ್ಕೆಯ ಮೇಲೆ ನಿಂತಿದೆ, ಇಂದಿನ ಆಯ್ಕೆ ಅದರ ಮೇಲಲ್ಲ.

ಓದುವವನೇ ಬರೆದವನಾದರೆ?

ಇಷ್ಟರ ಮಟ್ಟಿಗೆ ಓದಿದವನು ಬೇರೆ, ಬರೆದವನು ಬೇರೆ ಎಂಬ ವಿಂಗಡಣೆ ನೆರವಾಯಿತು. ಆದರೆ ಕ್ರೈಸ್ತರ ದೇವರು ದೂರದಿಂದ ನೋಡುವ ಪ್ರೇಕ್ಷಕನಲ್ಲ, ಸೃಷ್ಟಿಕರ್ತ. ಮನುಷ್ಯ ಒಳ್ಳೆಯದನ್ನು ಆರಿಸಬೇಕಾದರೂ ದೇವರ ಕೃಪೆ ಬೇಕೆಂಬುದು ಆ ಧರ್ಮದ ನಂಬಿಕೆ. ಕೃಪೆಯಿಲ್ಲದೆ ಮನುಷ್ಯ ತನ್ನ ಶಕ್ತಿಯಿಂದಲೇ ಒಳ್ಳೆಯವನಾಗಬಲ್ಲ ಎಂಬ ಪೆಲೇಜಿಯಸನ ಬೋಧನೆಯನ್ನು 418ರ ಕಾರ್ಥೇಜ್ ಸಭೆ ಖಂಡಿಸಿತು. ಅದರ ವಿರುದ್ಧ ಮುಂಚೂಣಿಯಲ್ಲಿದ್ದವನು ಆಗಸ್ಟೀನನೇ. ಮುಪ್ಪಿನಲ್ಲಿ ಆತ ಬರೆದ ಗ್ರಂಥಗಳಲ್ಲಿ ಕೃಪೆ ಯಾರಿಗೆ ದೊರೆಯಬೇಕೆಂಬುದು ದೇವರ ಆಯ್ಕೆಯೇ ಎಂಬ ಮಾತು ಬಲವಾಯಿತು. ಹೀಗೆ ಓದುವವನೇ ಬರೆದವನೂ ಆಗಿಬಿಟ್ಟ.

ಇದರ ಬೆಲೆ ತೆತ್ತವನೊಬ್ಬನ ಕಥೆ ಒಂಬತ್ತನೆಯ ಶತಮಾನದ ಜರ್ಮನಿಯದು. ಗಾಟ್‌ಶಾಕ್ ಸ್ಯಾಕ್ಸನ್ ಸಿರಿವಂತನ ಮಗ. ತಂದೆತಾಯಿ ಅವನನ್ನು ಬಾಲ್ಯದಲ್ಲೇ ಫುಲ್ದಾ ಮಠಕ್ಕೆ ಒಪ್ಪಿಸಿದ್ದರು. ಬೆಳೆದ ಮೇಲೆ, ತನ್ನ ಒಪ್ಪಿಗೆಯಿಲ್ಲದೆ ತೊಡಿಸಿದ ಸನ್ಯಾಸದಿಂದ ಬಿಡಿಸಬೇಕೆಂದು ಆತ 829ರಲ್ಲಿ ಮೈಂಜ್‌ನ ಧರ್ಮಸಭೆಯ ಮುಂದೆ ಮೊರೆಯಿಟ್ಟ. ಸಭೆ ಒಪ್ಪಿದರೂ ಮಠದ ಮುಖ್ಯಸ್ಥ ರಬಾನಸ್ ಮಾರಸ್ ಬಲವಾಗಿ ವಿರೋಧಿಸಿದ, ಗಾಟ್‌ಶಾಕ್ ಸನ್ಯಾಸಿಯಾಗಿಯೇ ಉಳಿಯಬೇಕಾಯಿತು. ಆಗಸ್ಟೀನನ ಕೃತಿಗಳಲ್ಲಿ ಮುಳುಗಿದ ಅವನು ಮುಂದೆ, ದೇವರು ಕೆಲವರನ್ನು ಮೋಕ್ಷಕ್ಕೂ ಕೆಲವರನ್ನು ದಂಡನೆಗೂ ಮೊದಲೇ ಗೊತ್ತುಮಾಡಿದ್ದಾನೆ ಎಂದು ಬೋಧಿಸತೊಡಗಿದ. 848ರಲ್ಲಿ ಮೈಂಜ್ ಸಭೆ ಅವನನ್ನು ಖಂಡಿಸಿತು, ಆಗ ಅಲ್ಲಿನ ಆರ್ಚ್‌ಬಿಷಪ್ ಅದೇ ರಬಾನಸ್. ಮರುವರ್ಷ ಕೀರ್ಜಿಯ ಸಭೆ ಅವನಿಗೆ ಚಾಟಿಯೇಟಿನ ಶಿಕ್ಷೆ ವಿಧಿಸಿತು, ತನ್ನ ಬರಹಗಳನ್ನು ತಾನೇ ಬೆಂಕಿಗೆ ಹಾಕಬೇಕಾಯಿತು. ನಂತರ ಸುಮಾರು 868ರಲ್ಲಿ ಸಾಯುವವರೆಗೂ ಆತ ಓವಿಲಿಯೆ ಮಠದಲ್ಲಿ ಬಂಧಿಯಾಗಿದ್ದ, ನಿಲುವನ್ನು ಮಾತ್ರ ಬದಲಿಸಲಿಲ್ಲ. ಬದುಕಿನ ದೊಡ್ಡ ಆಯ್ಕೆಯನ್ನು ಬೇರೆಯವರಿಗೆ ಕಳೆದುಕೊಂಡವನು, ಎಲ್ಲರ ಗತಿಯನ್ನೂ ದೇವರೇ ಆರಿಸಿದ್ದಾನೆಂಬ ತತ್ತ್ವಕ್ಕಾಗಿ ಕಡೆಯವರೆಗೂ ಹಟ ಹಿಡಿದ.

ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಯುರೋಪಿನ ಕ್ರೈಸ್ತಲೋಕ ಎರಡಾದಾಗ ಈ ಪ್ರಶ್ನೆ ಮತ್ತೆ ನಡುಬೀದಿಗೆ ಬಂತು. 1524ರಲ್ಲಿ ಎರಾಸ್ಮಸ್ ಇಚ್ಛಾಸ್ವಾತಂತ್ರ್ಯದ ಪರವಾಗಿ ಸೌಮ್ಯವಾದ ಪುಸ್ತಕ ಬರೆದ. 1525ರಲ್ಲಿ ಮಾರ್ಟಿನ್ ಲೂಥರ್ ಅದಕ್ಕೆ ಕಟುವಾದ ಉತ್ತರ ಕೊಟ್ಟ. ಮೋಕ್ಷದ ವಿಷಯದಲ್ಲಿ ಮನುಷ್ಯನ ಇಚ್ಛೆ ಬಂಧಿತವಾದದ್ದು, ಅದು ದೇವರ ಕೈಯಲ್ಲಿದೆ ಎಂಬುದು ಲೂಥರನ ಸಿದ್ಧಾಂತ. ಅವನಿಗೆ ಇದು ನಿರಾಶೆಯ ಮಾತಲ್ಲ. ಮೋಕ್ಷ ತನ್ನ ಕೈಯಲ್ಲಿದ್ದರೆ ಎಂದಾದರೂ ಜಾರಿಹೋಗಬಹುದು, ದೇವರ ಕೈಯಲ್ಲಿದ್ದರೆ ಭದ್ರ ಎಂಬ ನೆಮ್ಮದಿ ಅದರ ಹಿಂದಿತ್ತು. ಜಿನೀವಾದ ಕ್ಯಾಲ್ವಿನ್ ಪೂರ್ವನಿರ್ಧಾರವನ್ನು ಇನ್ನಷ್ಟು ಖಚಿತವಾಗಿ ಹೇಳಿದ. ದೇವರು ಮುಂದಾಗುವುದನ್ನು ಬಲ್ಲನೇಕೆಂದರೆ ಅದನ್ನು ವಿಧಿಸಿದವನೇ ಅವನು ಎಂಬುದು ಆತನ ಮತ.

ಇದನ್ನು ಹಾಲೆಂಡಿನ ಅರ್ಮೀನಿಯಸ್ ಒಪ್ಪಲಿಲ್ಲ. ಯಾರು ನಂಬುತ್ತಾರೆಂದು ದೇವರು ಮೊದಲೇ ಬಲ್ಲ, ಆ ಅರಿವಿಗೆ ಅನುಗುಣವಾಗಿ ಆರಿಸುತ್ತಾನೆ ಎಂದ. ಅಂದರೆ ಅರಿವು ಮೊದಲು, ನಿರ್ಧಾರ ಅನಂತರ. ಆತ 1609ರಲ್ಲಿ ತೀರಿಕೊಂಡರೂ ಜಗಳ ಮುಂದುವರಿಯಿತು. 1618-19ರಲ್ಲಿ ಸೇರಿದ ಡಾರ್ಟ್ ಸಭೆ ಅವನ ಅನುಯಾಯಿಗಳ ನಿಲುವನ್ನು ತಿರಸ್ಕರಿಸಿತು, ಅನೇಕ ಬೋಧಕರು ಹುದ್ದೆ ಕಳೆದುಕೊಂಡರು. ಧರ್ಮದ ವಾದಕ್ಕೆ ರಾಜಕೀಯವೂ ಬೆರೆತಿತ್ತು. ಅವರಿಗೆ ಬೆಂಬಲವಾಗಿದ್ದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟನಿಗೆ 1619ರಲ್ಲಿ ಮರಣದಂಡನೆಯಾಯಿತು.

ಪೋಪ್ ಕೊಟ್ಟ ತೀರ್ಪು

ಇದೇ ಕಾಲದಲ್ಲಿ ಕ್ಯಾಥೊಲಿಕರ ಒಳಗೂ ಇಂಥದೇ ಕದನ ನಡೆದಿತ್ತು, ಅದು ಮುಗಿದ ರೀತಿ ಮಾತ್ರ ಬೇರೆ. 1588ರಲ್ಲಿ ಲೂಯಿಸ್ ದೆ ಮೊಲಿನಾ ಎಂಬ ಸ್ಪೇನಿನ ಜೆಸ್ಯೂಟ್ ಪಾದ್ರಿ ಲಿಸ್ಬನ್ನಿನಲ್ಲಿ ಒಂದು ಗ್ರಂಥ ಪ್ರಕಟಿಸಿದ. ಮನುಷ್ಯನ ಸ್ವಾತಂತ್ರ್ಯವನ್ನೂ ದೇವರ ಕೃಪೆ ಮತ್ತು ಪೂರ್ವಜ್ಞಾನಗಳನ್ನೂ ಹೊಂದಿಸುವುದೇ ಅದರ ಉದ್ದೇಶ. ಆಗಬಹುದಾದದ್ದೆಲ್ಲವನ್ನೂ ದೇವರು ಬಲ್ಲ, ಆಗಲಿರುವುದನ್ನೂ ಬಲ್ಲ. ಇವೆರಡರ ನಡುವೆ ಇನ್ನೊಂದು ಅರಿವಿದೆ: ಯಾವ ಮನುಷ್ಯ ಯಾವ ಸನ್ನಿವೇಶದಲ್ಲಿ ತನ್ನ ಇಷ್ಟದಿಂದ ಏನು ಮಾಡಿಯಾನು ಎಂಬುದರ ಅರಿವು. ಮೊಲಿನಾ ಇದನ್ನು ಮಧ್ಯಮ ಜ್ಞಾನವೆಂದು ಕರೆದ. ದೇವರು ಸನ್ನಿವೇಶಗಳನ್ನು ಸೃಷ್ಟಿಸುತ್ತಾನೆ, ಅದರೊಳಗಿನ ಆಯ್ಕೆ ಮನುಷ್ಯನದೇ.

ಇದಕ್ಕೆ ಬೈಬಲಿನಿಂದ ಕೊಡುವ ಉದಾಹರಣೆ ದಾವೀದನದು. ದೊರೆ ಸೌಲನಿಂದ ತಪ್ಪಿಸಿಕೊಂಡು ಕೆಯೀಲ ಎಂಬ ಊರಿನಲ್ಲಿದ್ದ ದಾವೀದ, ಸೌಲ ಇಲ್ಲಿಗೆ ಬರುತ್ತಾನೆಯೇ, ಊರಿನವರು ತನ್ನನ್ನು ಅವನಿಗೆ ಒಪ್ಪಿಸುತ್ತಾರೆಯೇ ಎಂದು ದೇವರನ್ನು ಕೇಳಿದ. ಹೌದೆಂಬ ಉತ್ತರ ಬಂತು. ದಾವೀದ ಊರು ಬಿಟ್ಟ, ಸೌಲ ಬರಲಿಲ್ಲ, ಊರಿನವರು ಒಪ್ಪಿಸುವ ಪ್ರಸಂಗವೂ ಒದಗಲಿಲ್ಲ. ಹಾಗಾದರೆ ದೇವರು ತಿಳಿಸಿದ್ದು ಆಗಲಿರುವುದನ್ನಲ್ಲ, ದಾವೀದ ಅಲ್ಲೇ ಉಳಿದಿದ್ದರೆ ಆಗುತ್ತಿದ್ದುದನ್ನು. ಈ ಅರಿವು ದಾವೀದನನ್ನು ಕಟ್ಟಿಹಾಕಲಿಲ್ಲ, ಬದುಕಿಸಿತು.

ಡೊಮಿನಿಕನ್ ಪಂಥದ ದೊಮಿಂಗೊ ಬಾನ್ಯೆಸ್ ಮತ್ತು ಸಂಗಡಿಗರಿಗೆ ಇದು ಹಿಡಿಸಲಿಲ್ಲ. ದೇವರ ಅರಿವು ಮನುಷ್ಯನ ಆಯ್ಕೆಯನ್ನು ಕಾದು ಕೂರುವುದಾದರೆ ಆತ ಸರ್ವಶಕ್ತನಾಗುವುದು ಹೇಗೆ, ಮನುಷ್ಯನ ಸ್ವತಂತ್ರ ಕ್ರಿಯೆಗೂ ಮೊದಲ ಚಾಲನೆ ದೇವರದೇ ಎಂಬುದು ಅವರ ವಾದ. ಒಬ್ಬರು ಇನ್ನೊಬ್ಬರನ್ನು ಪೆಲೇಜಿಯಸನ ಹಿಂಬಾಲಕರೆಂದು ಜರೆದರೆ, ಅವರು ಇವರನ್ನು ಕ್ಯಾಲ್ವಿನನ ನೆಂಟರೆಂದರು. ಜಗಳ ರೋಮ್ ಮುಟ್ಟಿತು. ಪೋಪ್ ಎಂಟನೆಯ ಕ್ಲೆಮೆಂಟ್ ವಿಚಾರಣೆಗೆ ಸಮಿತಿ ನೇಮಿಸಿ, ತನ್ನ ಸಮ್ಮುಖದಲ್ಲೇ ವಾದಗಳನ್ನು ನಡೆಸಿದ. ತೀರ್ಮಾನಕ್ಕೆ ಮುನ್ನ 1605ರಲ್ಲಿ ಆತ ಮರಣ ಹೊಂದಿದ. ಕೊನೆಗೆ 1607ರಲ್ಲಿ ಪೋಪ್ ಐದನೆಯ ಪಾಲ್ ಕೊಟ್ಟ ತೀರ್ಪು ಸ್ವಾರಸ್ಯಕರವಾದದ್ದು. ಎರಡು ಪಕ್ಷದವರೂ ತಮ್ಮ ಮತವನ್ನು ಬೋಧಿಸಬಹುದು, ಆದರೆ ಯಾರೂ ಇನ್ನೊಬ್ಬರನ್ನು ಪಾಷಂಡಿಗಳೆಂದು ಕರೆಯಕೂಡದು. ಯಾರದು ಸರಿ ಎಂಬುದನ್ನು ಮುಂದೆ ತಿಳಿಸಲಾಗುವುದೆಂದು ಆಗ ಹೇಳಲಾಯಿತು. ಆ ನಿರ್ಣಯ ಇಂದಿನವರೆಗೂ ಹೊರಬಿದ್ದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ಮಠಗಳಿಂದ ವಿಶ್ವವಿದ್ಯಾಲಯಗಳಿಗೆ ಬಂತು. 1965ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ನೆಲ್ಸನ್ ಪೈಕ್ ಒಂದು ಲೇಖನದಲ್ಲಿ, ಮನೆಯ ಮುಂದಿನ ಹುಲ್ಲು ಕತ್ತರಿಸುವಂಥ ಸಾಮಾನ್ಯ ಕೆಲಸವನ್ನೇ ಉದಾಹರಣೆಯಾಗಿಟ್ಟುಕೊಂಡು ಹಳೆಯ ಗಂಟನ್ನು ಹೊಸ ತರ್ಕದ ಭಾಷೆಯಲ್ಲಿ ಮತ್ತೆ ಬಿಗಿದ. ಅದನ್ನು ಬಿಚ್ಚಹೊರಟವರಲ್ಲಿ ಆಕಮ್‌ನ ದಾರಿ ಹಿಡಿದವರೂ ಇದ್ದಾರೆ, ಮೊಲಿನಾನನ್ನು ಮತ್ತೆ ಕರೆತಂದವರೂ ಇದ್ದಾರೆ. 1994ರಲ್ಲಿ ಕ್ಲಾರ್ಕ್ ಪಿನಾಕ್ ಸೇರಿದಂತೆ ಐವರು ಪ್ರಾಟೆಸ್ಟಂಟ್ ಲೇಖಕರು ಒಟ್ಟಾಗಿ ಬರೆದ ಪುಸ್ತಕ ಇನ್ನೊಂದು ತುದಿಗೆ ಹೋಯಿತು. ಭವಿಷ್ಯ ಇನ್ನೂ ತೆರೆದಿದೆ, ಮನುಷ್ಯನ ಮುಂದಿನ ಸ್ವತಂತ್ರ ಆಯ್ಕೆಗಳು ಇನ್ನೂ ಇಲ್ಲದಿರುವುದರಿಂದ ಅವನ್ನು ಖಚಿತವಾಗಿ ತಿಳಿದಿರುವ ಪ್ರಶ್ನೆಯೇ ಬಾರದು ಎಂದು ಈ ಪಂಥದವರು ವಾದಿಸುತ್ತಾರೆ. ನಲವತ್ತು ದಿನದಲ್ಲಿ ನಿನೆವೆ ಪಟ್ಟಣ ನಾಶವಾಗುವುದೆಂದು ಯೋನನ ಬಾಯಿಂದ ಹೇಳಿಸಿದ ದೇವರು, ಜನ ಪಶ್ಚಾತ್ತಾಪಪಟ್ಟಾಗ ಮನಸ್ಸು ಬದಲಿಸಿದ ಕಥೆ ಅವರಿಗೆ ಆಧಾರ. 2003ರಲ್ಲಿ ಅಮೆರಿಕದ ಇವಾಂಜೆಲಿಕಲ್ ವಿದ್ವಾಂಸರ ಸಂಘದಲ್ಲಿ ಪಿನಾಕ್ ಮತ್ತು ಜಾನ್ ಸ್ಯಾಂಡರ್ಸ್ ಅವರನ್ನು ಹೊರಹಾಕುವ ಪ್ರಸ್ತಾಪ ಮತಕ್ಕೆ ಬಂತು, ಬೇಕಾದ ಬಹುಮತ ಸಿಗದೆ ಬಿದ್ದುಹೋಯಿತು.

ಉಳಿದ ಮಾತು

ಈ ಎಲ್ಲ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬರಿಯ ಅರಿವು ಯಾರನ್ನೂ ಕಟ್ಟಿಹಾಕುವುದಿಲ್ಲ ಎಂಬುದನ್ನು ಆಗಸ್ಟೀನ್, ಬೊಯೀಥಿಯಸ್, ಆಕಮ್ ಬೇರೆ ಬೇರೆ ದಾರಿಯಿಂದ ಸಾಕಷ್ಟು ಗಟ್ಟಿಯಾಗಿ ತೋರಿಸಿದ್ದಾರೆ. ತೊಡಕು ಮರಳಿ ಬರುವುದು ದೇವರು ಬಲ್ಲವನು ಮಾತ್ರವಲ್ಲ, ಮಾಡುವವನೂ ಹೌದೆಂದಾಗ. ಅಲ್ಲಿ ಪ್ರತಿಯೊಂದು ಉತ್ತರವೂ ಏನನ್ನಾದರೂ ಒತ್ತೆಯಿಡುತ್ತದೆ. ಕ್ಯಾಲ್ವಿನನ ದಾರಿಯಲ್ಲಿ ದೇವರ ಪ್ರಭುತ್ವ ಉಳಿಯುತ್ತದೆ, ಶಿಕ್ಷೆಯ ನ್ಯಾಯವನ್ನು ವಿವರಿಸುವುದು ಕಷ್ಟವಾಗುತ್ತದೆ. ತೆರೆದ ಭವಿಷ್ಯದ ದಾರಿಯಲ್ಲಿ ಮನುಷ್ಯನ ಸ್ವಾತಂತ್ರ್ಯ ಉಳಿಯುತ್ತದೆ, ದೇವರ ಸರ್ವಜ್ಞತೆಯ ಅರ್ಥ ಕಿರಿದಾಗುತ್ತದೆ. 1607ರ ತೀರ್ಪನ್ನು ಜಾಣ ಮೌನವೆಂದು ಟೀಕಿಸಿದವರುಂಟು. ಆದರೆ ಎರಡು ತುದಿಗಳಲ್ಲಿ ಯಾವುದನ್ನು ಬಿಟ್ಟರೂ ಶ್ರದ್ಧಾವಂತನ ಬದುಕು ಕುಂಟುತ್ತದೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ಬದುಕಿನಲ್ಲಿ ಈ ಎರಡು ನಂಬಿಕೆಗಳು ಬಳಕೆಯಾಗುವ ಜಾಗಗಳೂ ಬೇರೆಯೇ. ದೇವರು ಬಲ್ಲನೆಂಬುದು ಕಷ್ಟದಲ್ಲಿರುವವನಿಗೆ ಆಸರೆ, ಬೊಯೀಥಿಯಸನಿಗೆ ಸೆರೆಯಲ್ಲಿ ಬೇಕಾಗಿದ್ದದ್ದು ಅದು. ಮನುಷ್ಯ ಸ್ವತಂತ್ರನೆಂಬುದು ತಪ್ಪು ಮಾಡಿದವನಿಗೆ ಎಚ್ಚರಿಕೆ. ಇವು ಅದಲುಬದಲಾದಾಗ ಅನಾಹುತ. ತನ್ನ ತಪ್ಪಿಗೆ ದೇವರ ಸಂಕಲ್ಪವನ್ನು ನೆಪ ಮಾಡಿಕೊಳ್ಳುವವನು, ಇನ್ನೊಬ್ಬನ ಕಷ್ಟವನ್ನು ಅವನದೇ ಆಯ್ಕೆಯ ಫಲವೆಂದು ತಳ್ಳಿಹಾಕುವವನು, ಇಬ್ಬರೂ ಈ ತತ್ತ್ವವನ್ನು ತಲೆಕೆಳಗು ಹಿಡಿದವರೇ. ಪೇತ್ರನಿಗೆ ನೆಪ ಬೇಕಾಗಿದ್ದರೆ ಸಿದ್ಧವಾಗಿಯೇ ಇತ್ತು: ಗುರು ಮೊದಲೇ ಹೇಳಿದ್ದನಲ್ಲ, ಅದರಂತೆ ಆಯಿತು ಎನ್ನಬಹುದಿತ್ತು. ಕೋಳಿ ಕೂಗಿದಾಗ ಅವನಿಗೆ ಗುರುವಿನ ಮಾತು ನೆನಪಾಯಿತೆಂದು ಸುವಾರ್ತೆಗಳು ಹೇಳುತ್ತವೆ. ಆ ಮಾತನ್ನು ಅವನು ನೆಪವಾಗಿ ತೆಗೆದುಕೊಳ್ಳಲಿಲ್ಲ. ಹೊರಗೆ ಹೋಗಿ ಅತ್ತ, ಮುಂದೆ ಅದೇ ಗುರುವಿನ ಹೆಸರಿಗಾಗಿ ರೋಮಿನಲ್ಲಿ ಪ್ರಾಣ ಕೊಟ್ಟನೆಂದು ಕ್ರೈಸ್ತ ಪರಂಪರೆ ನಂಬುತ್ತದೆ.